ಸಿಡಿದದ್ದು ಬಾಂಬೋ, ನಡುಗಿದ್ದು ಭೂಮಿಯೋ?

ಭೂಗರ್ಭದ ಅಣುಪರೀಕ್ಷೆಗಳನ್ನು ದೂರದಿಂದಲೇ ಪತ್ತೆಹಚ್ಚುವ ಕಾವಲು ಗೌರಿಬಿದನೂರಿನ ಬಂಡೆಗಳ ಮೇಲೆ ಶುರುವಾಗಿ ಆರು ದಶಕವಾಯಿತು. ಅಲ್ಲಿ ಹೂತಿಟ್ಟ ಉಪಕರಣಗಳಷ್ಟೇ ಮುಖ್ಯವಾದದ್ದು ಅವು ಕೊಟ್ಟ ಅಂಕಿಗಳನ್ನು ಓದುವ ಸಂಖ್ಯಾಶಾಸ್ತ್ರ.

ಗೌರಿಬಿದನೂರು ಎಂದೊಡನೆ ನಾಡಿನ ಜನಕ್ಕೆ ನೆನಪಾಗುವುದು ವಿದುರಾಶ್ವತ್ಥ, 1938ರ ಏಪ್ರಿಲ್‌ನಲ್ಲಿ ಅಲ್ಲಿ ಗುಂಡಿಗೆ ಬಲಿಯಾದ ಸತ್ಯಾಗ್ರಹಿಗಳು. ಉತ್ತರ ಪಿನಾಕಿನಿಯ ಈ ತಾಲ್ಲೂಕಿಗೆ ಇನ್ನೊಂದು ಚರಿತ್ರೆಯೂ ಇದೆ. 1965ರಲ್ಲಿ ಟ್ರಾಂಬೆಯ ಪರಮಾಣು ಶಕ್ತಿ ಸಂಸ್ಥೆ, ಅಂದರೆ ಇವತ್ತಿನ ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರದ ಸಹಕಾರದಿಂದ ಇಲ್ಲಿ ಭೂಕಂಪಮಾಪಕಗಳ ಒಂದು ವ್ಯೂಹವನ್ನು ಕಟ್ಟಿತು. ಇದರ ಮುಖ್ಯ ಉದ್ದೇಶ ಭೂಕಂಪದ ಮುನ್ಸೂಚನೆಯಾಗಿರಲಿಲ್ಲ. ಸಾವಿರಾರು ಕಿಲೋಮೀಟರ್ ಆಚೆ ಯಾವುದೋ ದೇಶ ನೆಲದಡಿ ಅಣುಬಾಂಬ್ ಸಿಡಿಸಿದರೆ ಅದನ್ನು ಇಲ್ಲಿಂದಲೇ ಗುರುತಿಸುವುದು ಇದರ ಕೆಲಸ.

ಅದರ ಹಿನ್ನೆಲೆ ತಿಳಿಯಲು ಹನ್ನೊಂದು ವರ್ಷ ಹಿಂದಕ್ಕೆ ಹೋಗಬೇಕು. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಭಾರೀ ಹೈಡ್ರೋಜನ್ ಬಾಂಬ್ ಸಿಡಿಸಿತು. ವಿಕಿರಣದ ಬೂದಿ ಮೀನುಗಾರರ ಮೇಲೆ, ದ್ವೀಪವಾಸಿಗಳ ಮೇಲೆ ಸುರಿಯಿತು. ತಿಂಗಳೊಪ್ಪತ್ತಿನಲ್ಲಿ, ಏಪ್ರಿಲ್ 2ರಂದು, ಜವಾಹರಲಾಲ್ ನೆಹರೂ ಸಂಸತ್ತಿನಲ್ಲಿ ಎದ್ದುನಿಂತು ಇಂಥ ಪರೀಕ್ಷೆಗಳನ್ನು ತಡೆಹಿಡಿಯುವ ಒಪ್ಪಂದವಾಗಲಿ ಎಂದು ಕರೆಕೊಟ್ಟರು. 1963ರಲ್ಲಿ ಮಾಸ್ಕೋದಲ್ಲಿ ಒಪ್ಪಂದವೇನೋ ಆಯಿತು. ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಪರೀಕ್ಷೆ ನಿಷೇಧವಾಯಿತು. ನೆಲದಡಿಯ ಪರೀಕ್ಷೆ ಮಾತ್ರ ಉಳಿದುಕೊಂಡಿತು. ಕದ್ದು ಸಿಡಿಸಿದವರನ್ನು ಹಿಡಿಯುವುದು ಹೇಗೆ ಎಂಬುದರ ಮೇಲೆ ದೊಡ್ಡ ರಾಷ್ಟ್ರಗಳಿಗೆ ಒಮ್ಮತ ಬರಲಿಲ್ಲ. ಸಿಡಿದದ್ದು ಬಾಂಬೋ, ತಾನಾಗಿ ನಡುಗಿದ್ದು ಭೂಮಿಯೋ ಎಂದು ಖಚಿತವಾಗಿ ಹೇಳುವ ವಿದ್ಯೆ ಆಗ ಎಳೆಯದು. ಆ ವಿದ್ಯೆಯನ್ನು ಬೆಳೆಸಲು ಸ್ಕಾಟ್‌ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೊನೈಫ್, ಆಸ್ಟ್ರೇಲಿಯಾದ ವಾರಮುಂಗಾಗಳಲ್ಲಿ ಒಂದೇ ಮಾದರಿಯ ವ್ಯೂಹಗಳು ಎದ್ದವು. ಅದೇ ಮಾದರಿಯ ಇನ್ನೊಂದು ವ್ಯೂಹ ನಮ್ಮ ಗೌರಿಬಿದನೂರಿಗೆ ಬಂತು.

ಇಪ್ಪತ್ತು ಮಾಪಕ, ಎರಡು ತೋಳು

ಈ ಸೀಮೆಯ ಕಲ್ಲು ಜಗತ್ತಿನ ಅತಿ ಹಳೆಯ ಶಿಲೆಗಳ ಸಾಲಿಗೆ ಸೇರಿದ್ದು. ಕೋಟ್ಯಂತರ ವರ್ಷಗಳಿಂದ ಅಲುಗಾಡದೆ ಕುಳಿತ ಬಂಡೆಯ ಮೇಲೆ ಮೆತ್ತನೆ ಮಣ್ಣಿನ ಪದರ ತೆಳು. ಸಮುದ್ರವೂ ದೂರ. ದೂರದ ಕಂಪನ ಕೇಳಲು ಇದಕ್ಕಿಂತ ಹದವಾದ ಜಾಗ ಸಿಗುವುದು ಕಷ್ಟ.

ಇಲ್ಲಿ ಇಪ್ಪತ್ತು ಮಾಪಕಗಳನ್ನು ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರದಲ್ಲಿ ಎರಡು ಸಾಲಾಗಿ ಹೂಳಲಾಯಿತು. ಒಂದೊಂದು ತೋಳೂ ಸುಮಾರು 22 ಕಿ.ಮೀ. ಉದ್ದ. ಒಂದು ಮಾಪಕಕ್ಕೂ ಮುಂದಿನದಕ್ಕೂ ಸುಮಾರು ಎರಡೂವರೆ ಕಿ.ಮೀ. ಅಂತರ. ಎಲ್ಲವುಗಳ ಸಂಕೇತವೂ ನಿಸ್ತಂತುವಾಗಿ ಕೇಂದ್ರಕ್ಕೆ ಬಂದು ಕಾಂತೀಯ ಟೇಪಿನಲ್ಲಿ ದಾಖಲಾಗುತ್ತಿತ್ತು.

ಒಂದೇ ಒಳ್ಳೆಯ ಮಾಪಕ ಇಟ್ಟರೆ ಸಾಲದೇ? ಸಾಲದು. ಸಣ್ಣದೊಂದು ಭೂಗರ್ಭ ಸ್ಫೋಟದ ಅಲೆ ಮೂರು ಸಾವಿರ ಕಿಲೋಮೀಟರ್ ದಾಟಿ ಬರುವ ಹೊತ್ತಿಗೆ ನೆಲವನ್ನು ಅಲುಗಿಸುವುದು ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನ ಆಸುಪಾಸು ಮಾತ್ರ. ಗಾಳಿ ಬೀಸಿ ಮರದ ಬೇರು ಅಲುಗಿದರೆ, ಲಾರಿ ಹಾದುಹೋದರೆ, ದೂರದ ಕಡಲಿನ ಅಲೆ ದಡಕ್ಕೆ ಅಪ್ಪಳಿಸಿದರೆ ನೆಲ ಅಷ್ಟೇ ನಡುಗುತ್ತದೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಒಂದೇ ಮಾಪಕದ ಗೆರೆಯಲ್ಲಿ ಯಾವ ಏರಿಳಿತ ಬಾಂಬಿನದು, ಯಾವುದು ಲಾರಿಯದು ಎಂದು ಬೇರ್ಪಡಿಸಲು ಬರುವುದಿಲ್ಲ.

ಗದ್ದಲದಿಂದ ಸದ್ದು ಹೆಕ್ಕುವುದು

ಇಲ್ಲಿಂದ ಮುಂದಿನದು ಸಂಖ್ಯಾಶಾಸ್ತ್ರದ ಕೆಲಸ. ಚೀನಾದ ಲೋಪ್ ನೋರ್ ಪರೀಕ್ಷಾಭೂಮಿ ಗೌರಿಬಿದನೂರಿನಿಂದ ಸುಮಾರು 3,300 ಕಿ.ಮೀ. ದೂರ. ಅಲ್ಲಿ ಸಿಡಿದ ಬಾಂಬಿನ ಮೊದಲ ಅಲೆ ಭೂಮಿಯ ಆಳದಲ್ಲಿ ಬಾಗಿ, ಆರು ನಿಮಿಷ ಚಿಲ್ಲರೆಯಲ್ಲಿ ಇಲ್ಲಿಗೆ ಮುಟ್ಟುತ್ತದೆ. ಅದು ಇಪ್ಪತ್ತೂ ಮಾಪಕಗಳನ್ನು ಒಂದೇ ಕ್ಷಣದಲ್ಲಿ ತಟ್ಟುವುದಿಲ್ಲ. ಈಶಾನ್ಯದ ಮಾಪಕಕ್ಕೆ ಮೊದಲು, ನೈರುತ್ಯದ್ದಕ್ಕೆ ಸ್ವಲ್ಪ ತಡವಾಗಿ ತಲುಪುತ್ತದೆ. ಈ ತಡ ಎಷ್ಟೆಂದು ಲೆಕ್ಕಹಾಕಿ ಇಪ್ಪತ್ತು ಗೆರೆಗಳನ್ನೂ ಸರಿಸಿ ಕೂಡಿದರೆ, ಅಲೆ ಅಲೆಯ ಮೇಲೆ ಬಿದ್ದು ಇಪ್ಪತ್ತು ಪಟ್ಟು ಬೆಳೆಯುತ್ತದೆ. ಗದ್ದಲ ಹಾಗೆ ಬೆಳೆಯುವುದಿಲ್ಲ. ಒಂದೊಂದು ಜಾಗದ ಗದ್ದಲ ಒಂದೊಂದು ಬಗೆ. ಒಂದು ಏರಿದಾಗ ಇನ್ನೊಂದು ಇಳಿದಿರುತ್ತದೆ. ಆದ್ದರಿಂದ ಅದು ಬೆಳೆಯುವುದು ಇಪ್ಪತ್ತರ ವರ್ಗಮೂಲದಷ್ಟು, ಅಂದರೆ ನಾಲ್ಕೂವರೆ ಪಟ್ಟು. ಹೀಗೆ ಗದ್ದಲದ ಎದುರು ಸಂಕೇತದ ಬಲ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ.

‘ಎಲ್’ ಆಕಾರಕ್ಕೂ ಅರ್ಥವಿದೆ. ಒಂದು ತೋಳಿನ ಮೊತ್ತವನ್ನು ಇನ್ನೊಂದು ತೋಳಿನ ಮೊತ್ತದಿಂದ ಗುಣಿಸಿ, ಕೆಲವು ಸೆಕೆಂಡುಗಳ ಸರಾಸರಿ ತೆಗೆಯುತ್ತಾರೆ. ಎರಡು ತೋಳಿನ ಗದ್ದಲಕ್ಕೆ ಪರಸ್ಪರ ನಂಟಿಲ್ಲದ ಕಾರಣ ಗುಣಲಬ್ಧ ಒಮ್ಮೆ ಧನ, ಒಮ್ಮೆ ಋಣ. ಸರಾಸರಿ ಸೊನ್ನೆಯತ್ತ ಕುಸಿಯುತ್ತದೆ. ನಿಜವಾದ ಅಲೆ ಎರಡೂ ತೋಳಿನಲ್ಲಿ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದರಿಂದ ಗುಣಲಬ್ಧ ಸದಾ ಧನವಾಗಿ ಉಳಿಯುತ್ತದೆ. ಅಲೆ ಬಂದ ದಿಕ್ಕು, ಅದರ ವೇಗ, ಅದರಿಂದ ಅಂದಾಜು ದೂರ ಎಲ್ಲವೂ ಇದರಿಂದಲೇ ಗೊತ್ತಾಗುತ್ತವೆ.

ಇದೇ ಊರಿನ ಬಳಿ 1976ರಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿದ ರೇಡಿಯೊ ದೂರದರ್ಶಕದ ತತ್ತ್ವವೂ ಇದೇ. ‘ಟಿ’ ಆಕಾರದಲ್ಲಿ ಸಾವಿರ ಆಂಟೆನಾ; ಪೂರ್ವ–ಪಶ್ಚಿಮದ ತೋಳಿನ ಸಂಕೇತವನ್ನು ದಕ್ಷಿಣದ ತೋಳಿನದರಿಂದ ಗುಣಿಸಿ ಆಕಾಶದ ನಕ್ಷೆ ಬರೆದರು. ಒಂದೇ ತಾಲ್ಲೂಕಿನಲ್ಲಿ ಒಂದು ವ್ಯೂಹ ಪಾತಾಳಕ್ಕೆ, ಇನ್ನೊಂದು ಆಕಾಶಕ್ಕೆ. ಎರಡಕ್ಕೂ ಗಣಿತ ಒಂದೇ.

ಗುರುತಿಸುವುದರ ಕಷ್ಟ

ಅಲೆ ಬಂತು ಎಂದು ತಿಳಿಯುವುದು ಅರ್ಧ ಕೆಲಸ. ಅದನ್ನು ಕಳಿಸಿದ್ದು ಯಾರು, ಮನುಷ್ಯನೋ ಭೂಮಿಯೋ? ಬಾಂಬು ಎಲ್ಲ ದಿಕ್ಕಿಗೂ ಹೊರಕ್ಕೆ ನೂಕುತ್ತದೆ. ಭೂಕಂಪದಲ್ಲಿ ಬಂಡೆಯ ಎರಡು ಹೋಳು ಒಂದರ ಮೇಲೊಂದು ಜಾರುವುದರಿಂದ ಕೆಲವು ದಿಕ್ಕಿಗೆ ನೂಕು, ಕೆಲವು ದಿಕ್ಕಿಗೆ ಸೆಳೆತ. ಭೂಕಂಪ ನೆಲದ ಮೇಲ್ಪದರದಲ್ಲಿ ಹರಿಯುವ ದೀರ್ಘ ಅಲೆಗಳನ್ನು ಧಾರಾಳವಾಗಿ ಎಬ್ಬಿಸುತ್ತದೆ. ಅಷ್ಟೇ ತೀವ್ರತೆಯ ಬಾಂಬು ಆ ಅಲೆಗಳಲ್ಲಿ ಜಿಪುಣ. ಕಂಪನದ ಮೂಲ ಹತ್ತಾರು ಕಿಲೋಮೀಟರ್ ಆಳದಲ್ಲಿದ್ದರೆ ಅದು ಬಾಂಬಾಗಿರಲಾರದು, ಅಷ್ಟು ಆಳಕ್ಕೆ ಬಾಂಬನ್ನು ಇಳಿಸಿದವರಿಲ್ಲ.

ಈ ಲಕ್ಷಣಗಳಲ್ಲಿ ಯಾವುದೂ ಒಂಟಿಯಾಗಿ ತೀರ್ಪು ಕೊಡಲಾರದು. ಎಲ್ಲವನ್ನೂ ಕೂಡಿಸಿ ಒಂದು ನಿರ್ಧಾರಕ್ಕೆ ಬರುವ ವಿಧಾನವನ್ನು ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಷರ್ 1936ರಲ್ಲಿ ಹೂಗಳ ಜಾತಿ ಬೇರ್ಪಡಿಸಲು ರೂಪಿಸಿದರು. ಅದೇ ವರ್ಷ ಪಿ.ಸಿ. ಮಹಲನೋಬಿಸ್, ಒಂದು ಮಾದರಿ ಒಂದು ಗುಂಪಿನಿಂದ ಎಷ್ಟು ದೂರವಿದೆ ಎಂದು ಹಲವು ಅಳತೆಗಳನ್ನು ಸೇರಿಸಿ ಹೇಳುವ ಸೂತ್ರ ಕೊಟ್ಟರು. 1948ರಲ್ಲಿ ಈ ವಿಧಾನವನ್ನು ಅನೇಕ ಗುಂಪುಗಳಿಗೆ ವಿಸ್ತರಿಸಿದವರು ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್. ಹೂವಿನ ಎಸಳು, ಮನುಷ್ಯನ ತಲೆಬುರುಡೆ ಅಳೆಯಲು ಹುಟ್ಟಿದ ಗಣಿತ ಬಾಂಬನ್ನೂ ಭೂಕಂಪವನ್ನೂ ಬೇರ್ಪಡಿಸಲು ಒದಗಿತು.

ಆದರೂ ತಪ್ಪು ಎರಡು ಬಗೆಯಲ್ಲಿ ಆಗುತ್ತದೆ. ಭೂಕಂಪವನ್ನು ಬಾಂಬೆಂದು ಕೂಗುವುದು ಒಂದು. ಬಾಂಬನ್ನು ಗಮನಿಸದೆ ಬಿಡುವುದು ಇನ್ನೊಂದು. ಜಗತ್ತಿನಲ್ಲಿ ವರ್ಷಕ್ಕೆ 4 ಮತ್ತು ಅದಕ್ಕಿಂತ ಹೆಚ್ಚು ತೀವ್ರತೆಯ ಭೂಕಂಪಗಳು ಹದಿಮೂರು ಸಾವಿರಕ್ಕಿಂತ ಹೆಚ್ಚು. ಗಟ್ಟಿ ಬಂಡೆಯಲ್ಲಿ ಒಂದು ಕಿಲೋಟನ್ ಸಿಡಿದರೆ ಆಗುವ ನಡುಕವೂ ಅದೇ ಆಸುಪಾಸಿನದು. ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿಯಾಗಿ ಹೇಳುವ ವಿಧಾನ ನಮ್ಮಲ್ಲಿದೆ ಎಂದುಕೊಳ್ಳೋಣ. ಆಗಲೂ ವರ್ಷಕ್ಕೆ ನೂರಮೂವತ್ತು ಸಲ ಯಾವುದೋ ದೇಶದ ಮೇಲೆ ಸುಳ್ಳು ಆರೋಪ ಹೊರಿಸಿದಂತಾಗುತ್ತದೆ. ಶೇಕಡಾ ತೊಂಬತ್ತೊಂಬತ್ತು ಎಂದರೆ ಶಾಲೆಯಲ್ಲಿ ಚಿನ್ನದ ಪದಕ. ಅಣ್ವಸ್ತ್ರದ ಕಾವಲಿನಲ್ಲಿ ಅದು ಏನೇನೂ ಸಾಲದು. ಎಚ್ಚರಿಕೆಯ ಗೆರೆಯನ್ನು ಮೇಲಕ್ಕೆ ಎಳೆದರೆ ಸುಳ್ಳು ಕೂಗು ಕಡಿಮೆಯಾಗುತ್ತದೆ, ನಿಜವಾದ ಸ್ಫೋಟ ತಪ್ಪಿಹೋಗುವ ಭಯ ಹೆಚ್ಚುತ್ತದೆ. ಎರಡನ್ನೂ ಏಕಕಾಲಕ್ಕೆ ತಗ್ಗಿಸಬೇಕಾದರೆ ಇರುವ ದಾರಿ ಹೆಚ್ಚು ಮಾಪಕ, ಹೆಚ್ಚು ಲಕ್ಷಣ, ಹೆಚ್ಚು ಅನುಭವ.

ಎರಡೂ ತಪ್ಪುಗಳಿಗೆ ಚರಿತ್ರೆಯಲ್ಲಿ ಉದಾಹರಣೆಯಿದೆ. 1997ರ ಆಗಸ್ಟ್ 16ರಂದು ರಷ್ಯಾದ ನೊವಾಯಾ ಝೆಮ್ಲ್ಯಾ ಪರೀಕ್ಷಾಭೂಮಿಯ ದಿಕ್ಕಿನಿಂದ ಸಣ್ಣ ಕಂಪನವೊಂದು ಬಂದಾಗ ಅಮೆರಿಕದ ಅಧಿಕಾರಿಗಳು ರಹಸ್ಯ ಅಣುಪರೀಕ್ಷೆಯೆಂದು ಶಂಕಿಸಿದರು. ವಿವರವಾಗಿ ಲೆಕ್ಕಹಾಕಿದಾಗ ಅದರ ಮೂಲ ಸಿಕ್ಕಿದ್ದು ಪರೀಕ್ಷಾಭೂಮಿಯಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆ, ಕಾರಾ ಸಮುದ್ರದ ತಳದಲ್ಲಿ. ಒಂಬತ್ತು ತಿಂಗಳ ಬಳಿಕ, 1998ರ ಮೇ 13ರಂದು, ಭಾರತ ಪೋಖ್ರಾನಿನಲ್ಲಿ ಒಂದು ಕಿಲೋಟನ್ನಿಗಿಂತ ಚಿಕ್ಕದಾದ ಎರಡು ಸಾಧನಗಳನ್ನು ಸಿಡಿಸಿದ್ದಾಗಿ ತಾನೇ ಘೋಷಿಸಿತು. ಅಣುಪರೀಕ್ಷೆ ಕಾಯುವ ಅಂತರರಾಷ್ಟ್ರೀಯ ಜಾಲದ ದಾಖಲೆಗಳಲ್ಲಿ ಅದರ ಗುರುತೇ ಸಿಗಲಿಲ್ಲ.

ಈ ಪ್ರಶ್ನೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಹೊಲದ ಬದುವಿಗೂ ಬಂದಿದೆ. 2021ರ ಡಿಸೆಂಬರ್ 22ರ ಬೆಳಿಗ್ಗೆ ಚಿಕ್ಕಬಳ್ಳಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನಿಮಿಷಗಳ ಅಂತರದಲ್ಲಿ ಎರಡು ಸಲ ನೆಲ ನಡುಗಿತು. ತೀವ್ರತೆ ಸುಮಾರು 3. ಕಲ್ಲುಕ್ವಾರಿಗಳ ಈ ಸೀಮೆಯಲ್ಲಿ ದಢಾರೆಂದು ಸದ್ದಾದರೆ ಯಾರಿಗಾದರೂ ಮೊದಲು ಹೊಳೆಯುವುದು ಬಂಡೆ ಸಿಡಿಸುವ ಮದ್ದು. ಅದೇ ವರ್ಷ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸಿಡಿದು ಆರು ಮಂದಿ ಸತ್ತಿದ್ದರು. ಕ್ವಾರಿಯ ಸಿಡಿತವೋ ಭೂಕಂಪವೋ ಎಂದು ಜನಕ್ಕೆ ಬೇಗ, ಖಚಿತವಾಗಿ ತಿಳಿಸಬೇಕಾದರೆ ಬೇಕಾಗುವುದು ಲೋಪ್ ನೋರ್‌ಗೆ ಬಳಸಿದ ಗಣಿತವೇ.

ಒಂದೇ ಅಂಕಿ, ಎರಡು ಅರ್ಥ

ನಮ್ಮದೇ ಅಣುಪರೀಕ್ಷೆಯ ಸುತ್ತ ಎದ್ದ ವಿವಾದ ಸಂಖ್ಯಾಶಾಸ್ತ್ರದ ದೊಡ್ಡ ಪಾಠ. 1998ರ ಮೇ 11ರಂದು ಪೋಖ್ರಾನಿನಲ್ಲಿ ಮೂರು ಸಾಧನಗಳನ್ನು ಒಟ್ಟಿಗೆ ಸಿಡಿಸಲಾಯಿತು. ಅಧಿಕೃತ ಅಂಕಿಗಳಂತೆ ಉಷ್ಣಪರಮಾಣು ಸಾಧನದ್ದು, ಅಂದರೆ ಹೈಡ್ರೋಜನ್ ಬಾಂಬ್ ಬಗೆಯದ್ದು, ಸುಮಾರು 45 ಕಿಲೋಟನ್, ವಿದಳನ ಸಾಧನದ್ದು 15, ಮೂರನೆಯದು 0.2. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಆ ನಡುಕಕ್ಕೆ 5.2 ತೀವ್ರತೆ ಕೊಟ್ಟಿತು. ಪಾಶ್ಚಾತ್ಯ ಭೂಕಂಪ ವಿಜ್ಞಾನಿಗಳು ಒಟ್ಟು ಸ್ಫೋಟಶಕ್ತಿ 10ರಿಂದ 15 ಕಿಲೋಟನ್ ಮಾತ್ರ ಎಂದರು.

ತೀವ್ರತೆಯಿಂದ ಸ್ಫೋಟಶಕ್ತಿ ಲೆಕ್ಕಹಾಕಲು ಒಂದು ಸರಳ ಸೂತ್ರವಿದೆ. ತೊಂದರೆಯೆಂದರೆ ಅದರ ಸ್ಥಿರಾಂಕಗಳು ಜಾಗದಿಂದ ಜಾಗಕ್ಕೆ ಬದಲಾಗುತ್ತವೆ. ಸೋವಿಯತ್ ಒಕ್ಕೂಟದ ಸೆಮಿಪಲಾಟಿನ್ಸ್ಕ್‌ನ ಗಟ್ಟಿ, ತಣ್ಣನೆಯ ಬಂಡೆಗೆ ಹೊಂದುವ ಸೂತ್ರದಲ್ಲಿ, ಹತ್ತರ ಆಧಾರದ ಲಾಗರಿದಮ್ ತೆಗೆದುಕೊಂಡರೆ, ತೀವ್ರತೆ ಎಂದರೆ 4.45 ಕೂಡಿಸು 0.75 ಗುಣಿಸು ಸ್ಫೋಟಶಕ್ತಿಯ ಲಾಗರಿದಮ್. ಅಮೆರಿಕದ ನೆವಾಡಾಕ್ಕೆ ಹೊಂದುವ ಸೂತ್ರದಲ್ಲಿ ಈ ಅಂಕಿಗಳು 3.92 ಮತ್ತು 0.81. ಓದುಗರು ಕ್ಯಾಲ್ಕುಲೇಟರ್ ಹಿಡಿದು ನೋಡಬಹುದು: 5.2 ತೀವ್ರತೆಗೆ ಮೊದಲ ಸೂತ್ರ 10 ಕಿಲೋಟನ್ ಎನ್ನುತ್ತದೆ, ಎರಡನೆಯದು 38 ಕಿಲೋಟನ್. ತೀವ್ರತೆ 0.1ರಷ್ಟು ಹೆಚ್ಚಾದರೆ ಸ್ಫೋಟಶಕ್ತಿ ಶೇಕಡಾ ಮೂವತ್ತಕ್ಕೂ ಹೆಚ್ಚು ಜಿಗಿಯುತ್ತದೆ.

ಭಾಭಾ ಕೇಂದ್ರದ ವಿಜ್ಞಾನಿಗಳಾದ ಎಸ್.ಕೆ. ಸಿಕ್ಕಾ, ಫಾಲ್ಗುಣಿ ರಾಯ್, ಜಿ.ಜೆ. ನಾಯರ್ ಅದೇ ವರ್ಷ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಬರೆದರು. ಎರಡು ದೊಡ್ಡ ಸ್ಫೋಟಗಳು ಸುಮಾರು ಒಂದು ಕಿ.ಮೀ. ಅಂತರದಲ್ಲಿ ಒಟ್ಟಿಗೆ ನಡೆದದ್ದರಿಂದ ಕೆಲವು ದಿಕ್ಕುಗಳಲ್ಲಿ ಅಲೆಗಳು ಒಂದನ್ನೊಂದು ಕುಗ್ಗಿಸಿವೆ. ಆ ದಿಕ್ಕಿನ ಕೇಂದ್ರಗಳು ಕಡಿಮೆ ಅಳೆದಿವೆ. ಇದನ್ನು ಸರಿಪಡಿಸಿದರೆ ತೀವ್ರತೆ 5.4ರ ಹತ್ತಿರ ಬರುತ್ತದೆ ಎಂಬುದು ಅವರ ವಾದ. 1999ರಲ್ಲಿ ಸ್ಫೋಟದ ಜಾಗದಿಂದ ಕೊರೆದು ತೆಗೆದ ಮಾದರಿಗಳ ವಿಕಿರಣ ರಸಾಯನ ವಿಶ್ಲೇಷಣೆ ಉಷ್ಣಪರಮಾಣು ಸಾಧನಕ್ಕೆ 50 ಕಿಲೋಟನ್, ಹತ್ತು ಹೆಚ್ಚುಕಡಿಮೆ ಎಂಬ ಅಂಕಿ ಕೊಟ್ಟಿತು. ಹತ್ತು ವರ್ಷಗಳ ನಂತರ, 2009ರಲ್ಲಿ, ಆ ಪರೀಕ್ಷೆಗಳಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ಪರವಾಗಿ ದುಡಿದಿದ್ದ ಕೆ. ಸಂತಾನಂ ಅವರು ಉಷ್ಣಪರಮಾಣು ಸಾಧನ ನಿರೀಕ್ಷೆಯಷ್ಟು ಸಿಡಿಯಲಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಪರಮಾಣು ಶಕ್ತಿ ಇಲಾಖೆಯ ಆರ್. ಚಿದಂಬರಂ, ಅನಿಲ್ ಕಾಕೋಡ್ಕರ್ ಅದನ್ನು ಖಡಾಖಂಡಿತವಾಗಿ ತಳ್ಳಿಹಾಕಿದರು.

ಇಲ್ಲಿ ಎರಡು ಬಗೆಯ ತಪ್ಪುಗಳನ್ನು ಬೇರ್ಪಡಿಸಿ ನೋಡಬೇಕು. ಕೇಂದ್ರದಿಂದ ಕೇಂದ್ರಕ್ಕೆ ಅಳತೆ ಚದುರುವುದು ಒಂದು. ಐವತ್ತು, ನೂರು ಕೇಂದ್ರಗಳ ಸರಾಸರಿ ತೆಗೆದರೆ ಅದು ತಗ್ಗುತ್ತದೆ. ಎಲ್ಲ ಅಳತೆಯೂ ಒಂದೇ ಕಡೆಗೆ ವಾಲಿರುವುದು ಇನ್ನೊಂದು. ಸೂತ್ರವೇ ಆ ನೆಲಕ್ಕೆ ಹೊಂದದಿದ್ದರೆ ಸಾವಿರ ಕೇಂದ್ರಗಳ ಸರಾಸರಿಯೂ ಅದೇ ತಪ್ಪನ್ನು ಹೇಳುತ್ತದೆ. ಪೋಖ್ರಾನಿನ ನೆಲಕ್ಕೆ ಸರಿಹೊಂದುವ ಸ್ಥಿರಾಂಕ ತಿಳಿಯಬೇಕಾದರೆ ಅಲ್ಲಿ, ಸ್ಫೋಟಶಕ್ತಿ ಗೊತ್ತಿರುವ ಅನೇಕ ಸ್ಫೋಟಗಳು ನಡೆದಿರಬೇಕಿತ್ತು. ಅದಕ್ಕೂ ಮೊದಲು ಅಲ್ಲಿ ನಡೆದದ್ದು 1974ರ ಮೇ 18ರ ಒಂದೇ ಒಂದು. ಎರಡೂ ಕಡೆಯ ವಾದದಲ್ಲಿ ಗಣಿತ ಗಟ್ಟಿಯಾಗಿತ್ತು, ಕೊರತೆಯಿದ್ದದ್ದು ದತ್ತಾಂಶದಲ್ಲಿ.

ಎಷ್ಟು ಪರೀಕ್ಷೆ ಸಾಕು?

ಸೇನೆಯ ಯಾವುದೇ ಸಂಕೀರ್ಣ ವ್ಯವಸ್ಥೆಯ ಬುಡದಲ್ಲಿರುವ ಪ್ರಶ್ನೆ ಇದೇ. ಅಮೆರಿಕ ಸಾವಿರಕ್ಕೂ ಹೆಚ್ಚು, ಸೋವಿಯತ್ ಒಕ್ಕೂಟ ಏಳುನೂರಕ್ಕೂ ಹೆಚ್ಚು ಅಣುಪರೀಕ್ಷೆ ನಡೆಸಿದವು. ಭಾರತ ಸಿಡಿಸಿದ್ದು ಒಟ್ಟು ಆರು ಸಾಧನ. ಅವುಗಳಲ್ಲಿ ಉಷ್ಣಪರಮಾಣು ಸಾಧನ ಒಂದೇ. ಕ್ಷಿಪಣಿಯೂ ಅಷ್ಟೇ: ಒಂದು ಹಾರಿಸಿದರೆ ಒಂದು ಹೋಯಿತು.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೀಲರ್ ಒಂದು ಲಾಟಿನ ಗೂಡನ್ನೆಲ್ಲ ಬಿಚ್ಚಿ ನೋಡುವುದಿಲ್ಲ. ಹಿಡಿ ಗೂಡು ಕೈಗೆತ್ತಿಕೊಂಡು, ಗಟ್ಟಿತನ ನೋಡಿ, ಎಷ್ಟು ಗೂಡಿಗೆ ಎಷ್ಟು ರೇಷ್ಮೆ ಬಂದೀತು ಎಂದು ಅಂದಾಜಿಸಿ ಹರಾಜಿನಲ್ಲಿ ಬೆಲೆ ಕಟ್ಟುತ್ತಾನೆ. ಹಿಡಿಯಿಂದ ರಾಶಿಯನ್ನು ಅರಿಯುವ ಈ ವಿದ್ಯೆಗೆ ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಇನ್ನಷ್ಟು ಕರಾರುವಾಕ್ಕಾದ ಗಣಿತ ಬಂತು. 1943ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಬ್ರಹಾಂ ವಾಲ್ಡ್, ಯುದ್ಧಸಾಮಗ್ರಿಯನ್ನು ಒಂದೊಂದಾಗಿ ಪರೀಕ್ಷಿಸುತ್ತಾ ಸಾಕ್ಷ್ಯ ಸಾಕಾದ ಕ್ಷಣವೇ ನಿಲ್ಲಿಸುವ ಕ್ರಮ ರೂಪಿಸಿದರು. ಅದು ಎಷ್ಟು ಬೆಲೆಯುಳ್ಳದ್ದಾಗಿತ್ತೆಂದರೆ ಯುದ್ಧ ಮುಗಿಯುತ್ತ ಬರುವವರೆಗೂ ರಹಸ್ಯವಾಗಿಟ್ಟರು.

ಲೆಕ್ಕ ನಿಷ್ಠುರವಾದದ್ದು. ನೂರಕ್ಕೆ ತೊಂಬತ್ತೈದು ಸಲ ಒಂದು ಆಯುಧ ಕೆಲಸ ಮಾಡುತ್ತದೆ ಎಂದು ಶೇಕಡಾ 95ರ ಭರವಸೆಯಿಂದ ಹೇಳಬೇಕಾದರೆ, ಒಂದೂ ವಿಫಲವಾಗದೆ 59 ಸಲ ಪರೀಕ್ಷಿಸಬೇಕು. ಮೂರು ಸಲ ಗೆದ್ದದ್ದನ್ನು ನೋಡಿ ‘ಯಶಸ್ವಿ, ಸೇನೆಗೆ ಸಿದ್ಧ’ ಎಂದು ತಲೆಬರಹ ಬರೆಯುವುದು ಸುಲಭ. ಮೂರೂ ಗೆಲುವು ಬರಿಯ ಮೂರು ಸಾಕ್ಷಿ.

ದುಬಾರಿ ಪರೀಕ್ಷೆಗಳನ್ನು ಜಾಣತನದಿಂದ ಜೋಡಿಸುವ ದಾರಿ ತೋರಿಸಿದವರೂ ಸಿ.ಆರ್. ರಾವ್. ಏಳು ಅಂಶಗಳು, ಒಂದೊಂದಕ್ಕೂ ಎರಡು ಸ್ಥಿತಿ ಎಂದುಕೊಳ್ಳಿ: ಬಿಸಿ–ಚಳಿ, ಎತ್ತರ–ತಗ್ಗು, ಹಗಲು–ರಾತ್ರಿ ಹೀಗೆ. ಎಲ್ಲ ಜೋಡಣೆ ಪರೀಕ್ಷಿಸಲು 128 ಸಲ ಬೇಕು. ರಾವ್ 1947ರಲ್ಲಿ ಮಂಡಿಸಿದ ಲಂಬಕೋನೀಯ ವ್ಯೂಹಗಳ ಸಿದ್ಧಾಂತದಂತೆ ಆರಿಸಿದರೆ ಎಂಟೇ ಪರೀಕ್ಷೆಗಳಲ್ಲಿ ಯಾವ ಎರಡು ಅಂಶಗಳನ್ನು ತೆಗೆದುಕೊಂಡರೂ ಅವುಗಳ ನಾಲ್ಕೂ ಜೋಡಣೆ ಸಮನಾಗಿ ಬಂದುಹೋಗುತ್ತವೆ. ಮೂರು ಅಂಶ ಸೇರಿದಾಗ ಮಾತ್ರ ತಲೆಯೆತ್ತುವ ದೋಷ ಇದರ ಕಣ್ಣು ತಪ್ಪಿಸಬಹುದು, ಆ ಮಿತಿಯನ್ನು ಬಳಸುವವರು ಅರಿತಿರಬೇಕು. ಇವತ್ತು ಕಾರ್ಖಾನೆಯ ಗುಣಮಟ್ಟದಿಂದ ತಂತ್ರಾಂಶ ಪರೀಕ್ಷೆಯವರೆಗೆ ಈ ವ್ಯೂಹಗಳು ಬಳಕೆಯಲ್ಲಿವೆ. 2023ರಲ್ಲಿ ರಾವ್ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ, 102ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಅಂಕಿಯ ಪಕ್ಕದ ಅಂಕಿ

1996ರ ಸಮಗ್ರ ಅಣುಪರೀಕ್ಷಾ ನಿಷೇಧ ಒಪ್ಪಂದ ತನ್ನ ಕಾವಲಿಗೆ 337 ನೆಲೆಗಳ ಜಾಲವನ್ನು ಯೋಜಿಸಿತು. ಯೆಲ್ಲೊನೈಫ್, ವಾರಮುಂಗಾ, ಎಸ್ಕ್‌ಡೇಲ್‌ಮ್ಯೂರ್ ಮೂರೂ ಅದರಲ್ಲಿವೆ. ಒಪ್ಪಂದಕ್ಕೆ ಭಾರತ ಸಹಿ ಹಾಕಲಿಲ್ಲ, ಹಾಗಾಗಿ ಗೌರಿಬಿದನೂರು ಅದರಲ್ಲಿಲ್ಲ. ಸಹಿ ಹಾಕದಿರಲು ದೇಶಕ್ಕೆ ತನ್ನದೇ ಕಾರಣಗಳಿವೆ. ಅದು ರಾಜಕೀಯದ ತೀರ್ಮಾನ. ದಾಖಲೆಗಳ ಮಾತು ಬೇರೆ. ಆರು ದಶಕಗಳ ಕಂಪನದ ದಾಖಲೆ ದಖ್ಖನ್ನಿನ ಒಡಲನ್ನು ಅರಿಯಲು, ನಮ್ಮ ತಾಲ್ಲೂಕುಗಳ ಸಣ್ಣ ನಡುಕಗಳನ್ನು ಕ್ವಾರಿಯ ಸಿಡಿತದಿಂದ ಬೇರ್ಪಡಿಸಲು ದೊಡ್ಡ ಆಸ್ತಿ. ರಹಸ್ಯ ಬೇಡದ ಹಳೆಯ ದಾಖಲೆಗಳನ್ನು ನಮ್ಮ ವಿಶ್ವವಿದ್ಯಾಲಯಗಳಿಗೆ ತೆರೆದಿಡಬೇಕು. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟದ ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರ ಕಲಿಯುವ ಹುಡುಗ ಹುಡುಗಿಯರು ಪುಸ್ತಕದ ದಾಳದ ಲೆಕ್ಕದ ಜೊತೆಗೆ ತಮ್ಮದೇ ನೆಲದ ಕಂಪನವನ್ನೂ ಬಿಡಿಸಲಿ.

ರಕ್ಷಣೆಯ ವಿಷಯದಲ್ಲಿ ಅನುಮಾನ ಎತ್ತಿದವರನ್ನು ದೇಶದ ವಿರೋಧಿಗಳಂತೆ ನೋಡುವ ರೂಢಿ ಬೆಳೆದಿದೆ. ಗೌರಿಬಿದನೂರಿನ ವ್ಯೂಹ ಕಲಿಸುವುದು ಇದಕ್ಕೆ ತೀರ ವಿರುದ್ಧವಾದ ಪಾಠ. ಅಲ್ಲಿ ಅನುಮಾನವನ್ನು ಅಳೆದ ಮೇಲೆಯೇ ಸತ್ಯ ಹೊರಬರುವುದು. ಐವತ್ತು ಎಂದು ಹೇಳಿ ಪಕ್ಕದಲ್ಲೇ ಹತ್ತು ಹೆಚ್ಚುಕಡಿಮೆ ಎಂದು ಬರೆದ ವಿಜ್ಞಾನಿ, ಬರಿಯ ಐವತ್ತು ಎಂದು ಗುಡುಗಿದವನಿಗಿಂತ ದೇಶಕ್ಕೆ ಹೆಚ್ಚು ನಂಬಿಕಸ್ಥ. ಗಡಿಯಲ್ಲಿ ನಿಂತ ಸೈನಿಕ ತನ್ನ ಜೀವವನ್ನು ಒಪ್ಪಿಸುವುದು ಆಯುಧದ ಮೇಲೆ ಯಾರೋ ಬರೆದುಕೊಟ್ಟ ಅಂಕಿಗೆ. ಆ ಅಂಕಿ ಎಷ್ಟು ತಪ್ಪಿರಬಹುದು ಎಂಬ ಇನ್ನೊಂದು ಅಂಕಿಯನ್ನೂ ಪ್ರಾಮಾಣಿಕವಾಗಿ ಅಳೆದು ಬರೆಯುವುದು ಅವನಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಋಣ.